ಲೂಗೊ ಕೋಟೆಯ ಮೇಲೊಂದು ಸುತ್ತು

ಸ್ಪೇನಿನ ಒವಿಯೆದೊದಿಂದ ದಿನಗಟ್ಟಲೆ ನಡೆದು, ಸ್ಯಾನ್ ಪೆದ್ರೊ ಬಾಗಿಲಿನಿಂದ ಲೂಗೊ ಊರೊಳಗೆ ಕಾಲಿಟ್ಟಾಗ ಸಂಜೆಯಾಗಿತ್ತು. ಕ್ರೈಸ್ತರ ಈ ಕಾಲ್ನಡಿಗೆ ಯಾತ್ರೆ ಮುಗಿಯುವ ಸಾಂತಿಯಾಗೊ ಊರಿಗೆ ಇನ್ನೂ ಸುಮಾರು 100 ಕಿ.ಮೀ. ಪಾದದ ತುಂಬ ಬೊಬ್ಬೆ. ಆದರೂ ತಂಗುವ ಜಾಗದಲ್ಲಿ ಚೀಲ ಇಟ್ಟವಳೇ ಕೋಟೆ ಹತ್ತಿದೆ.

ಸ್ಪೇನಿನ ವಾಯವ್ಯ ಮೂಲೆಯ ಈ ಊರನ್ನು ರೋಮನ್ನರು ಕಟ್ಟಿದ್ದು ಕ್ರಿ.ಪೂ. 13ರ ಸುಮಾರಿಗೆ. ಕೋಟೆ ಎದ್ದದ್ದು 3ನೇ ಶತಮಾನದ ಕೊನೆಗೆ. ಎರಡು ಕಿ.ಮೀ.ಗಿಂತ ತುಸು ಹೆಚ್ಚಿನ ಸುತ್ತು, ಎಲ್ಲೂ ತುಂಡಾಗಿಲ್ಲ. 71 ಬುರುಜುಗಳು ಉಳಿದಿವೆ. ತೆಳ್ಳನೆಯ ಕಪ್ಪು ಪದರುಗಲ್ಲುಗಳನ್ನು ಜೋಳದ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕೂರಿಸಿದ್ದಾರೆ. ಸಂದಿನಲ್ಲಿ ಪಾಚಿ, ಸಣ್ಣ ಹುಲ್ಲು. ಬೆರಳಿಟ್ಟರೆ ಮಳೆಯ ತಂಪು. ಮೇಲೆ ಅಗಲವಾದ ದಾರಿ. ಕಂಕುಳಲ್ಲಿ ಬ್ರೆಡ್ ಇಟ್ಟುಕೊಂಡ ಅಜ್ಜಿಯೊಬ್ಬರು ನನ್ನನ್ನು ದಾಟಿ ಸರಸರನೆ ಹೋದರು.

ಇಷ್ಟು ಗಟ್ಟಿ ಗೋಡೆಯೊಳಗೂ ಒಂದು ಕೊಲೆ ನಡೆದಿದೆ. ಹೊರಡುವ ಮುಂಚೆ ಓದಿದ್ದೆ, ನಡೆಯುವಾಗ ಅದೇ ತಲೆಯಲ್ಲಿತ್ತು. ರೋಮಿನ ಹಿಡಿತ ಸಡಿಲವಾಗಿ ಸುಯೇವಿ ಎಂಬ ಜರ್ಮಾನಿಕ್ ಬುಡಕಟ್ಟಿನ ಜನ ಈ ನಾಡಿಗೆ ಬಂದು ನೆಲೆಸಿದ್ದ ಕಾಲ. 433ರ ಹೊತ್ತಿಗೇ ಇಲ್ಲಿ ಅಗ್ರೆಸ್ತಿಯುಸ್ ಎಂಬ ಧರ್ಮಾಧ್ಯಕ್ಷರಿದ್ದರು (ಬಿಷಪ್). 460ರ ಪಾಸ್ಖ (ಈಸ್ಟರ್) ಹಬ್ಬದಲ್ಲಿ ಸುಯೇವಿಗಳು ಇದ್ದಕ್ಕಿದ್ದಂತೆ ಎರಗಿ ಊರಿನ ಕೆಲವು ರೋಮನ್ನರನ್ನೂ ಅವರ ಮುಖಂಡನನ್ನೂ ಕೊಂದರು. ಇದನ್ನು ಬರೆದಿಟ್ಟವರು ಅದೇ ಕಾಲದ ಇನ್ನೊಬ್ಬ ಧರ್ಮಾಧ್ಯಕ್ಷ ಹೈದಾತಿಯುಸ್. ಹಬ್ಬದ ದಿನಗಳ ಪಾವಿತ್ರ್ಯವನ್ನು ನಂಬಿ ಆ ಜನ ನಿಶ್ಚಿಂತೆಯಿಂದಿದ್ದರು ಎನ್ನುತ್ತಾರೆ ಅವರು. ಆ ಮಾತು ನನ್ನನ್ನು ಬಿಡಲೇ ಇಲ್ಲ. ಅವರು ನೆಚ್ಚಿಕೊಂಡದ್ದು ಗೋಡೆಯನ್ನಲ್ಲ, ಹಬ್ಬವನ್ನು.

ಆಮೇಲೆ ಊರು ಸೊರಗಿತು. 8ನೇ ಶತಮಾನದಲ್ಲಿ ಜನರನ್ನು ಕರೆತಂದು ಮತ್ತೆ ನೆಲೆಗೊಳಿಸಿದ್ದೂ ಒಬ್ಬ ಧರ್ಮಾಧ್ಯಕ್ಷರೇ, ಓದೊಆರಿಯೊ.

ಸಾಂತಿಯಾಗೊ ಬಾಗಿಲಿನ ಹತ್ತಿರ ಇಳಿದೆ. ಎದುರಿಗೇ ಪ್ರಧಾನಾಲಯ (ಕ್ಯಾಥೆಡ್ರಲ್), 1129ರಲ್ಲಿ ಕಟ್ಟಲು ತೊಡಗಿದ್ದು. ಇಲ್ಲಿ ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ದೇಹವೆಂದು ನಂಬುವ ಪವಿತ್ರ ರೊಟ್ಟಿಯನ್ನು, ಮುಚ್ಚಿಡುವುದಿಲ್ಲ. ಪೀಠದ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟು ಆರಾಧಿಸುವುದು ಶತಮಾನಗಳ ರೂಢಿ. ಲೂಗೊ ಇರುವ ಗಲೀಸಿಯಾ ಪ್ರದೇಶದ ಲಾಂಛನದಲ್ಲಿ ಪೂಜೆಯ ಪಾನಪಾತ್ರೆ ಇದೆಯಲ್ಲ, ಇಲ್ಲಿನವರು ಅದನ್ನು ಇದಕ್ಕೇ ಜೋಡಿಸಿ ನೋಡುತ್ತಾರೆ.

ಒಳಗೆ ಏಳೆಂಟು ಜನ, ಸದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬೂಟು ಸಡಿಲಿಸಿದೆ. ಮುಂದಿನ ಸಾಲಿನಲ್ಲಿ ಅದೇ ಅಜ್ಜಿ ಮೊಣಕಾಲೂರಿದ್ದರು, ಬ್ರೆಡ್ಡು ಪಕ್ಕದಲ್ಲಿತ್ತು. ಹೆಸರೂ ಗೊತ್ತಿಲ್ಲದ ಆ 460ರ ಜನರಿಗಾಗಿ ನಾನೂ ಕೈಮುಗಿದೆ.