ಕಟಿಂಗ್ ಟೇಬಲ್ ಮೇಲಿನ ನಕಾಶೆ

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮಷೀನು ಕಿಟಕಿಯ ಪಕ್ಕದಲ್ಲೇ ಇದೆ. ತಲೆ ಎತ್ತಿದರೆ ಎದುರಿಗೆ ಒಂದು ಬಯಲು ಜಾಗ ಕಾಣುತ್ತದೆ. ಒಂಬತ್ತು ವರ್ಷ ಅಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಒಳಗೆ ಹಂದಿಗಳು, ಒಡೆದ ಟೈಲ್ಸು, ಹರಿದ ಹಾಸಿಗೆ. ನನ್ನ ಅಂಗಡಿಯ ಚಿಂದಿ ಬಟ್ಟೆಯ ಚೀಲವನ್ನು ನಾನೂ ಎಷ್ಟೋ ಸಲ ಅಲ್ಲಿಗೇ ಹಾಕಿ ಬಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು.

ಕೊಪ್ಪಳದಲ್ಲಿ ಕಿನ್ನಾಳ ರಸ್ತೆ ಕಡೆಯ ಬಡಾವಣೆ ನಮ್ಮದು. ಎಂಬತ್ತರ ಆಸುಪಾಸು ಮನೆಗಳಿವೆ. ಅರ್ಧಕ್ಕರ್ಧ ಬಾಡಿಗೆಯವರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನೋಡಿದರೆ ಆ ಜಾಗದ ಒಂದು ಮೂಲೆಯಲ್ಲಿ ಜಾಲಿ ಕಡಿದಿದ್ದರು. ನಾಲ್ಕು ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದಿದ್ದರು. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಎದುರುಮನೆ ವೈನಿ ಕಿಟಕಿಯಿಂದ ನೋಡಿ, "ಅಲ್ಲೊಂದು ಸೈಟು ಮಾರಾಟಕ್ಕೈತಂತ ನೋಡ್ರಿ ಅಕ್ಕಾರ" ಅಂದರು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ನಾವು ಸೈಟು ಕೊಳ್ಳುವಾಗ ಆ ಜಾಗವನ್ನೇ ತೋರಿಸಿ, "ಇಲ್ಲಿ ಗಾರ್ಡನ್ ಬರತೈತಿ" ಅಂದಿದ್ದರು.

ಆ ಜಾಗ ಯಾರದು? ಒಬ್ಬರು ಸರ್ಕಾರದ್ದು ಅಂದರು. ಒಬ್ಬರು ಲೇಔಟ್ ಮಾಡಿದವರದ್ದು ಅಂದರು. ಇನ್ನೊಬ್ಬರು, "ಯಾರದರ ಇರ್ಲಿ, ನಮಗ್ಯಾಕ್ರಿ" ಅಂದರು. ನನಗೆ ಮಾತ್ರ ಸುಮ್ನೆ ಕೂರಲು ಆಗಲಿಲ್ಲ.

ಕಾಲೇಜಿಗೆ ಹೋಗುವ ನನ್ನ ಮಗಳು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟಳು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು. ಮೊದಲು ನಾನು ಚರಂಡಿ, ಬೀದಿದೀಪ, ಹಂದಿ ಎಲ್ಲ ಸೇರಿಸಿ ಹೇಳುತ್ತಿದ್ದೆ. ಅವಳು ಒಂದೊಂದೇ ಹೊಡೆದು ಹಾಕಿದಳು. ಕೊನೆಗೆ ಉಳಿದದ್ದು ಒಂದೇ ಸಾಲು: ನಮ್ಮ ಬಡಾವಣೆಗೆ ಮಂಜೂರಾದ ನಕಾಶೆಯ ಪ್ರತಿ ಕೊಡಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿದೆವು. 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆ ಇದೆ. 26ನೇ ದಿನಕ್ಕೆ ನಕಾಶೆ ಕೈಗೆ ಬಂತು.

ಅದನ್ನು ನನ್ನ ಕಟಿಂಗ್ ಟೇಬಲ್ ಮೇಲೆ ಹರವಿದೆ. ನಾಲ್ಕು ಮೂಲೆಗೆ ಕತ್ತರಿ, ಇಸ್ತ್ರಿ ಪೆಟ್ಟಿಗೆ, ಎರಡು ದಾರದ ಡಬ್ಬಿ ಇಟ್ಟೆ. ಸೈಟುಗಳೆಲ್ಲ ಸಣ್ಣ ಸಣ್ಣ ಚೌಕ. ನಡುವೆ ಒಂದು ಹಸಿರು ಚೌಕ, ಅದರ ಮೇಲೆ "ಉದ್ಯಾನ" ಅಂತ ಬರೆದಿತ್ತು. ಮೂರು ತಿಂಗಳು ಅದನ್ನು ಟೇಬಲ್ಲಿನಿಂದ ತೆಗೆಯಲೇ ಇಲ್ಲ. ಅರಿವೆಯನ್ನು ನೆಲದ ಮೇಲೆ ಹಾಸಿ ಕತ್ತರಿಸಿದೆ. ಅಂಗಡಿಗೆ ಬಂದವರೆಲ್ಲ ಮೊದಲು ತಮ್ಮ ಮನೆ ಹುಡುಕುತ್ತಿದ್ದರು. ಆಮೇಲೆ ಬೆರಳು ತಾನಾಗಿ ಹಸಿರಿನ ಕಡೆ ಹೋಗುತ್ತಿತ್ತು. "ಅಂದ್ರ ಇದು ನಮ್ಮದ ಅಲ್ರಿ?" ಎಷ್ಟು ಜನ ಹೀಗೆ ಕೇಳಿದರು ಅಂತ ಲೆಕ್ಕ ಇಟ್ಟಿಲ್ಲ.

ನಮ್ಮ ಓಣಿಯ ಗೌಂಡಿ ಕಾಕಾ ನೂರು ಅಡಿಯ ಟೇಪು ತಂದರು. ಒಂದು ರವಿವಾರ ಮುಳ್ಳಿನಲ್ಲೇ ನುಗ್ಗಿ ಅಳೆದೆವು. ಒಂದು ಕಡೆ ನಕಾಶೆಗಿಂತ 14 ಅಡಿ ಕಡಿಮೆ ಬಂತು.

ಅವತ್ತು ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮೊದಲ ಸಭೆ. ಏಳು ಜನ ಇದ್ದರೆ ಸಾಕು, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಬಹುದು. ಆದರೆ ಏಳು ಜನ ಸಿಗಲು ಐದು ವಾರ ಬೇಕಾಯಿತು. "ಎಲೆಕ್ಷನ್ನಿಗೆ ನಿಲ್ಲೋರದೀರೇನು?" ಅಂತ ಕೇಳಿದವರೇ ಜಾಸ್ತಿ. ಅವರನ್ನು ನಾನು ಬೈಯುವುದಿಲ್ಲ. ಸಹಿ ತಗೊಂಡು ಹೋಗಿ ಮತ್ತೆ ಮುಖ ತೋರಿಸದವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ದೊಡ್ಡ ಜಗಳ ಆದದ್ದು ಬೇರೆ ವಿಷಯಕ್ಕೆ. ಬಾಡಿಗೆಯವರನ್ನು ಸದಸ್ಯರು ಮಾಡಬೇಕೋ ಬೇಡವೋ? ಮನೆ ಮಾಲೀಕರಷ್ಟೇ ಸಾಕು ಅಂತ ಕೆಲವರು ಪಟ್ಟು ಹಿಡಿದರು. "ಅವರು ಇವತ್ತು ಇರ್ತಾರ, ನಾಳೆ ಹೋಗ್ತಾರ" ಅಂದರು. ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ ನಾನೂ ಬಾಡಿಗೆ ಮನೆಯಲ್ಲಿದ್ದವಳು. ಮಳೆ ನೀರು ಮನೆಗೆ ನುಗ್ಗುವಾಗ ಮಾಲೀಕರು ಬೇರೆ ಊರಲ್ಲಿರುತ್ತಾರೆ. ನೀರು ಎತ್ತಿ ಹಾಕುವವರು ಬಾಡಿಗೆಯವರು. ಆಡಲು ಜಾಗ ಇಲ್ಲದೆ ರಸ್ತೆಯಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಳ್ಳುವವು ಅವರ ಮಕ್ಕಳೂ ಹೌದು. ಇದನ್ನೇ ಎದ್ದು ನಿಂತು ಹೇಳಿದೆ. ಹಿಂದೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಾತು ಸೇರಿಸಿದರು. ಇಲ್ಲಿ ಇರುವವರೆಲ್ಲ ಸದಸ್ಯರು, ತಿಂಗಳಿಗೆ 20 ರೂಪಾಯಿ ಅಂತ ಆಯಿತು. ನಮ್ಮ ಈಗಿನ ಖಜಾಂಚಿ ಬಾಡಿಗೆ ಮನೆಯವರೇ.

ಸಂಘ ಅಂದಕೂಡಲೇ ನನಗೆ ಹಿರೇಹಳ್ಳ ನೆನಪಾಗುತ್ತದೆ. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಹಳ್ಳ ಸ್ವಚ್ಛ ಮಾಡಲು ತಾವೇ ಇಳಿದಿದ್ದರು. ಸುಮಾರು 26 ಕಿಲೋಮೀಟರು ಹಳ್ಳ. ಸುತ್ತಲಿನ ಊರುಗಳ ಜನ ಬಂದು ಕೈ ಹಚ್ಚಿದರು. ನಾನೂ ಎರಡು ದಿನ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಜಾಲಿಯ ಬುಡ ಎಷ್ಟು ಆಳ ಇರುತ್ತದೆ ಅಂತ ಅಲ್ಲಿ ನೋಡಿದೆ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಬೇರು ಸಮೇತ ಕೀಳಬೇಕು. ಹಾಗಾಗಿ ನಮ್ಮ ಜಾಗಕ್ಕೂ ಕೊಡಲಿ ಬೇಡ, ಚಂದಾ ಕೂಡಿಸಿ ಜೆಸಿಬಿಯನ್ನೇ ತರಿಸೋಣ ಅಂತ ಹಟ ಮಾಡಿದೆ.

ನಗರದಲ್ಲಿ ವಾರ್ಡ್ ಸಮಿತಿ ಅಂತ ಇರುತ್ತದೆ ಅಂತ ಮಗಳು ಓದಿ ಹೇಳಿದಳು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರಲ್ಲಿ ವಾರ್ಡ್ ಸಮಿತಿ ಕಡ್ಡಾಯ ಇರುವುದು ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ನಗರಗಳಿಗೆ. ಬಳ್ಳಾರಿಯಲ್ಲಿ 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿತ್ತು. ಅದೇ ಲೆಕ್ಕದಲ್ಲಿ ಕೊಪ್ಪಳದ್ದು ಸುಮಾರು 70 ಸಾವಿರ. ಸಣ್ಣ ಊರಿನವರಿಗೂ ತಮ್ಮ ಓಣಿಯ ಬಗ್ಗೆ ಕೂತು ಮಾತಾಡುವ ಹಕ್ಕು ಬರಹದಲ್ಲೇ ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮ ಗುಡಿಕಟ್ಟೆಯೇ ನಮಗೆ ಸಮಿತಿ.

ಜಾಗದಲ್ಲಿ ಏನು ಮಾಡೋಣ ಅನ್ನುವುದಕ್ಕೂ ಬೇಕಾದಷ್ಟು ಮಾತಾಯಿತು. ಸಮುದಾಯ ಭವನ ಕಟ್ಟಿಸೋಣ ಅಂತ ಹಿರಿಯರೊಬ್ಬರು ಹೇಳಿದರು. ಆದರೆ ಉದ್ಯಾನ, ಆಟದ ಬಯಲುಗಳನ್ನು ಉಳಿಸುವುದಕ್ಕೆ ಅಂತಲೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೇರೆಯವರು ಕಲ್ಲು ನೆಡುವುದು ತಪ್ಪಾದರೆ ನಾವು ಭವನ ಕಟ್ಟುವುದೂ ತಪ್ಪೇ. ಅವರು ಒಪ್ಪಿದರು. ಮಕ್ಕಳು ಖೋಖೋ ಆಡಲು ಜಾಗ ಕೇಳಿದರು, ಅಜ್ಜಂದಿರು ನೆರಳು ಕೇಳಿದರು.

ಆ ವರ್ಷದ ಆಗಸ್ಟಿನಲ್ಲಿ ಒಂದೇ ರಾತ್ರಿ ಜೋರು ಮಳೆ. ತಗ್ಗಿನ ಓಣಿಯ ಹನ್ನೊಂದು ಮನೆಗೆ ನೀರು ಹೊಕ್ಕಿತು. ಬೆಳಿಗ್ಗೆ ನೀರು ಇಳಿಯುವ ಮೊದಲು ಆ ಹನ್ನೊಂದು ಮನೆಯ ಗೋಡೆಗೂ ನೀರು ನಿಂತ ಎತ್ತರಕ್ಕೆ ಸುಣ್ಣದ ಗೆರೆ ಎಳೆಸಿದೆವು. ಗೌಂಡಿ ಕಾಕಾ ಲೆವೆಲ್ ಪೈಪ್ ಹಿಡಿದು ನೋಡಿದರು. ಚರಂಡಿಯ ಇಳಿಜಾರೇ ತಿರುಗಿತ್ತು. ಹೊರಗೆ ಹೋಗಬೇಕಾದ ನೀರು ಒಳಗೆ ಬರುತ್ತಿತ್ತು.

ಬಜೆಟ್ಟಿಗೆ ಮುಂಚೆ ನಗರಸಭೆಯಲ್ಲಿ ಸಾರ್ವಜನಿಕರ ಸಭೆ ಕರೆಯುತ್ತಾರೆ. ಹದಿನಾಲ್ಕು ಜನ ಹೋದೆವು, ಒಂಬತ್ತು ಜನ ಹೆಂಗಸರು. ಎಲ್ಲವನ್ನೂ ಕೇಳಬಾರದು, ಎರಡೇ ಕೇಳಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಚರಂಡಿ ಸರಿ ಮಾಡಿ, ಉದ್ಯಾನಕ್ಕೆ ತಂತಿಬೇಲಿ ಹಾಕಿ. ನನ್ನ ಕಾಲು ನಡುಗುತ್ತಿತ್ತು. ನಕಾಶೆ ಬಿಚ್ಚಿ ಹಿಡಿದೆ, ಸುಣ್ಣದ ಗೆರೆಯ ಫೋಟೋಗಳನ್ನು ವೈನಿ ತೋರಿಸಿದರು. ಮುಂದಿನ ವಾರ ಇಂಜಿನಿಯರು ಬಂದರು. ಗೆರೆ ಇನ್ನೂ ಗೋಡೆಯ ಮೇಲೆ ಇದ್ದವು. ಒಂದೊಂದು ಮನೆಗೂ ಬಗ್ಗಿ ನೋಡಿ ಬರೆದುಕೊಂಡರು.

ಈಗ ಚರಂಡಿ ಅರ್ಧ ಆಗಿದೆ. ಬೇಲಿ ಮೂರು ಕಡೆ ಬಂದಿದೆ. ಕೆಂಪು ಕಲ್ಲುಗಳನ್ನು ಯಾರೋ ರಾತ್ರಿ ಕಿತ್ತುಕೊಂಡು ಹೋದರು, ಯಾರಂತ ಇನ್ನೂ ಗೊತ್ತಾಗಿಲ್ಲ. ನೆಟ್ಟ 40 ಬೇವು, ಹೊಂಗೆ ಸಸಿಗಳಲ್ಲಿ 31 ಬದುಕಿವೆ. ಬೇಸಿಗೆಯಲ್ಲಿ ನಲ್ಲಿ ಬಂದ ದಿನ ಮನೆಗೊಂದು ಕೊಡ ನೀರು ಸಸಿಗೆ ಅಂತ ಪಾಳಿ ಮಾಡಿದ್ದೆವು. ಆ ಒಣಗಿ ಹೋದ ಒಂಬತ್ತನ್ನು ನೋಡಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾಲ್ಕನೇ ಕಡೆಗೆ ಬೇಲಿ ಬಂದಿಲ್ಲ. ಆ 14 ಅಡಿ ಇರುವುದು ಅಲ್ಲೇ. ಸರ್ವೇಯವರು ಬಂದು ಅಳೆಯಲಿ ಅಂತ ಅರ್ಜಿ ಕೊಟ್ಟಿದ್ದೇವೆ, ಮುಂದಿನ ರವಿವಾರ ಬೆಳಿಗ್ಗೆ ಎಂಟಕ್ಕೆ ನಾವೇ ಇನ್ನೊಮ್ಮೆ ಅಳೆದು ಇಟ್ಟುಕೊಳ್ಳುತ್ತೇವೆ. ಟೇಪು ಕಾಕಾ ತರುತ್ತಾರೆ. ಸುಣ್ಣ ನಮ್ಮ ಮನೆಯಲ್ಲೇ ಇದೆ.