ರೆಕ್ಕೆ ತುದಿಗೆ ಸಿಕ್ಕಿಕೊಂಡಿದ್ದ ಹುಲ್ಲು

ಆ ಚಾಂಪ್ ವಿಮಾನವನ್ನು ಹ್ಯಾಂಗರ್ ಒಳಗೆ ತಳ್ಳಿ ತಂದಾಗ ಬಲ ರೆಕ್ಕೆಯ ತುದಿಯಲ್ಲಿ ನಾಲ್ಕೈದು ಎಳೆ ಹುಲ್ಲು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಅಂಗೈಯಷ್ಟು ಹಸಿರು ಕಲೆ. ರೆಕ್ಕೆಗೆ ಹೊದಿಸಿದ ಬಟ್ಟೆ ಎಲ್ಲೂ ಹರಿದಿರಲಿಲ್ಲ. ಮಾಲೀಕರಿಗೆ ಎಪ್ಪತ್ತರ ಆಸುಪಾಸು. ತುಂಬಾ ಸೌಮ್ಯ ಸ್ವಭಾವದವರು. "ಅಡ್ಡಗಾಳಿ ಸ್ವಲ್ಪ ಜಾಸ್ತಿ ಇತ್ತು. ಇಳಿದ ಮೇಲೆ ಕೊನೆಯಲ್ಲಿ ಒಂದು ಸುತ್ತು ತಿರುಗಿಬಿಟ್ಟಿತು, ಅಷ್ಟೇ. ಒಮ್ಮೆ ನೋಡಿಬಿಡಿ" ಅಂದರು.

ನೋಡಿದೆ. ಚಕ್ರದ ಕಾಲುಗಳು, ಬೋಲ್ಟ್‌ಗಳು, ಬಾಲದ ಸ್ಪ್ರಿಂಗ್, ರೆಕ್ಕೆಯ ಆನಿಕೆ ಕಂಬಿಗಳು, ಎಲ್ಲವನ್ನೂ ನೋಡಿದೆ. ರೆಕ್ಕೆ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಹುಲ್ಲು ಕಿತ್ತೆಸೆದು ಕಲೆ ಒರೆಸಿದೆ. ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿದೆ. ಅದು ಅಕ್ಟೋಬರ್ ತಿಂಗಳು.

ನಾನು ಇರುವುದು ಅಮೆರಿಕದ ಒಹಾಯೋದಲ್ಲಿ. ಹಳೆಯ ಸಣ್ಣ ವಿಮಾನಗಳ ರಿಪೇರಿ ನನ್ನ ಕೆಲಸ. ನಮ್ಮ ರನ್‌ವೇ ಹುಲ್ಲಿನದು, ಪಕ್ಕದಲ್ಲೇ ಮೆಕ್ಕೆಜೋಳದ ಹೊಲ. ನಮ್ಮಲ್ಲಿಗೆ ಬರುವ ವಿಮಾನಗಳಲ್ಲಿ ಹೆಚ್ಚಿನವು 1940ರ ದಶಕದವು. ಪೈಪರ್ ಕಬ್, ಸೆಸ್ನಾ 140, ಲಸ್ಕಂಬ್, ಮತ್ತೆ ಇದೇ ರಾಜ್ಯದ ಮಿಡಲ್‌ಟೌನ್‌ನಲ್ಲಿ ತಯಾರಾದ ಏರೋಂಕಾ ಚಾಂಪ್. ಇಬ್ಬರು ಕೂರುವಷ್ಟು ಜಾಗ, 65ರಿಂದ 90 ಕುದುರೆಶಕ್ತಿಯ ಎಂಜಿನ್. ಮೂರನೇ ಚಕ್ರ ಇರುವುದು ಬಾಲದ ಕೆಳಗೆ. ಬೆಂಗಳೂರಿನಲ್ಲಿ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ನೋಡಿದವರಿಗೆ ಈ ಆಕಾರ ಗೊತ್ತಿರುತ್ತದೆ. 1958ರಲ್ಲಿ ಮೊದಲ ಸಲ ಹಾರಿದ ಪುಷ್ಪಕ್, ಏರೋಂಕಾ ಚೀಫ್‌ನ ತಮ್ಮನ ಹಾಗೇ ಇದೆ. ಬೆಂಗಳೂರಿನಲ್ಲಿ ಓದುವಾಗ ನಾನು ಮೊದಲು ಕೈ ಹಾಕಿದ ವಿಮಾನವೂ ಅದೇ. ಹಾಗಾಗಿ ಇಲ್ಲಿಗೆ ಬಂದಾಗ ಈ ಹಳೆಯ ವಿಮಾನಗಳು ಪರಿಚಯದವರ ಹಾಗೆ ಅನಿಸಿದವು.

ಬಾಲದಲ್ಲಿ ಚಕ್ರ ಇದ್ದರೆ ಏನು ಕಷ್ಟ ಅಂತ ತುಂಬಾ ಜನ ಕೇಳುತ್ತಾರೆ. ಊರಲ್ಲಿ ಟ್ರಾಕ್ಟರ್ ಓಡಿಸಿದವರಿಗೆ ಹೇಳುವುದು ಸುಲಭ. ಟ್ರಾಲಿಯನ್ನು ಮುಂದಕ್ಕೆ ಎಳೆದರೆ ಅದು ತಾನಾಗಿ ನೇರವಾಗುತ್ತದೆ. ರಿವರ್ಸ್ ತೆಗೆಯುವಾಗ? ಒಂಚೂರು ಸೊಟ್ಟಗಾದರೆ ಸಾಕು, ಕ್ಷಣಕ್ಷಣಕ್ಕೂ ಇನ್ನಷ್ಟು ಸೊಟ್ಟಗಾಗುತ್ತಾ ಹೋಗುತ್ತದೆ. ಟೈಲ್‌ವೀಲ್ ವಿಮಾನ ನೆಲದ ಮೇಲೆ ಓಡುವುದು ಹೆಚ್ಚುಕಮ್ಮಿ ಹೀಗೇ. ಅದರ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದೆ ಇರುತ್ತದೆ. ಮೂಗು ಎಡಕ್ಕೆ ತಿರುಗಿತು ಅನ್ನಿ, ಹಿಂದಿನ ಭಾರ ಮೊದಲಿನ ದಿಕ್ಕಿನಲ್ಲೇ ಮುಂದಕ್ಕೆ ನುಗ್ಗಿ ತಿರುಗನ್ನು ಜಾಸ್ತಿ ಮಾಡುತ್ತದೆ. ಕೂಡಲೇ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲನ್ನು ಕಾಲಿನಿಂದ ಒತ್ತಿ ತಡೆಯದಿದ್ದರೆ ವಿಮಾನ ಗಿರ್ರನೆ ತಿರುಗಿ ಹೊರಗಿನ ರೆಕ್ಕೆ ನೆಲಕ್ಕೆ ತಾಗುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು.

ವೇಗ ಇಳಿದ ಮೇಲೂ ಇದು ಆಗುತ್ತದೆ. ರಡ್ಡರ್ ಮೇಲೆ ಗಾಳಿ ಕಡಿಮೆಯಾಗಿ ಅದರ ಹಿಡಿತ ಸಡಿಲಾಗುವುದು ಆಗಲೇ. ಪೈಲಟ್ "ಇಳಿದಾಯ್ತು" ಅಂತ ಉಸಿರು ಬಿಟ್ಟು ಕಾಲು ಸಡಿಲ ಮಾಡುವುದೂ ಆಗಲೇ. ಮೂಗಿನ ಚಕ್ರದ ವಿಮಾನದಲ್ಲಿ ಕಲಿತವರ ಕಾಲಿಗೆ ಈ ಅಭ್ಯಾಸ ಇರುವುದಿಲ್ಲ. ಅದಕ್ಕೇ ಇಲ್ಲಿ ಟೈಲ್‌ವೀಲ್ ಹಾರಿಸಲು ಬೇರೆ ತರಬೇತಿ ಪಡೆದು ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿಕೊಳ್ಳಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನವನ್ನು ಪೈಲಟ್ ಆಗಿ ಹಾರಿಸಿದವರಿಗೆ ಮಾತ್ರ ವಿನಾಯಿತಿ.

ಗ್ರೌಂಡ್ ಲೂಪ್‌ನಲ್ಲಿ ಜೀವ ಹೋಗುವುದು ಅಪರೂಪ. ಪೈಲಟ್ ಇಳಿದು ಬಂದು ಕೈ ಒರೆಸಿಕೊಂಡು "ಏನೂ ಆಗಿಲ್ಲ" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಅದೇ ಚಾಂಪ್ ವಾರ್ಷಿಕ ತಪಾಸಣೆಗೆ ಬಂತು. ರೆಕ್ಕೆಯ ಅಡಿಭಾಗದಲ್ಲಿ ಕೈ ತೂರಿಸುವಷ್ಟು ದೊಡ್ಡ ಕಿಂಡಿಗಳಿರುತ್ತವೆ. ಮುಚ್ಚಳ ತೆಗೆದು ಸಣ್ಣ ಕನ್ನಡಿ, ಟಾರ್ಚ್ ಹಿಡಿದು ಒಳಗೆ ನೋಡುತ್ತಿದ್ದೆ. ಚಾಂಪ್‌ನ ರೆಕ್ಕೆಗೆ ಬೆನ್ನೆಲುಬು ಅಂದರೆ ಎರಡು ಉದ್ದ ಮರದ ಸ್ಪಾರ್‌ಗಳು. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳನ್ನು, ಅಂದರೆ ರಿಬ್‌ಗಳನ್ನು, ಅವಕ್ಕೆ ಸಣ್ಣ ಸಣ್ಣ ಮೊಳೆಗಳಿಂದ ಬಡಿದಿರುತ್ತಾರೆ. ಬಲ ರೆಕ್ಕೆಯ ಒಂದು ರಿಬ್‌ನಲ್ಲಿ ಎರಡು ಮೊಳೆಯ ತಲೆಗಳು ಒಂದು ಕಾಳಿನಷ್ಟು ಮೇಲೆದ್ದಿದ್ದವು. ಮೊಳೆ ಸುಮ್ನೆ ಮೇಲೇಳುವುದಿಲ್ಲ. ಸ್ಪಾರ್ ಬಗ್ಗಿದಾಗ ಏಳುತ್ತದೆ.

ಟಾರ್ಚನ್ನು ನೇರವಾಗಿ ಬಿಟ್ಟರೆ ಮರ ನುಣ್ಣಗೆ ಕಂಡಿತು. ಟಾರ್ಚನ್ನು ಮರಕ್ಕೆ ಒತ್ತಿ ಹಿಡಿದು ಬೆಳಕು ಮೈಮೇಲೆ ಹರಿಯುವ ಹಾಗೆ ಬಿಟ್ಟೆ. ಆಗ ಕಂಡಿತು. ಆನಿಕೆ ಕಂಬಿ ಕೂರುವ ಜಾಗದಲ್ಲಿ ಗಟ್ಟಿಯಾಗಿರಲಿ ಅಂತ ಅಂಟಿಸಿದ ಪ್ಲೈವುಡ್ ಮುಗಿಯುತ್ತದಲ್ಲ, ಅದರ ಪಕ್ಕದಲ್ಲೇ, ಸ್ಪಾರ್‌ನ ಮೇಲಂಚಿನಲ್ಲಿ ಕೂದಲೆಳೆಯಂಥ ಗೆರೆ. ಮರದ ಎಳೆಗೆ ಅಡ್ಡವಾಗಿ. ರೆಕ್ಕೆ ತುದಿ ನೆಲಕ್ಕೆ ಬಡಿದಾಗ ತುದಿ ಮೇಲಕ್ಕೆ ಒತ್ತಿಕೊಂಡು, ಸ್ಪಾರ್‌ನ ಮೇಲ್ಭಾಗದ ಎಳೆಗಳು ಒಂದಕ್ಕೊಂದು ಜಜ್ಜಿ ಮುರಿದಿದ್ದವು. ಹೊರಗಿನ ಬಟ್ಟೆಗೆ ಏನೂ ಗೊತ್ತಾಗಿರಲಿಲ್ಲ.

ನಾನು ಏಣಿಯ ಮೇಲೇ ಸ್ವಲ್ಪ ಹೊತ್ತು ಕೂತೆ. ಆ ಏಳು ತಿಂಗಳಲ್ಲಿ ಅವರು ಎಷ್ಟು ಸಲ ಹಾರಿದ್ದಾರೆ ಅಂತ ಲಾಗ್‌ಬುಕ್ ತೆಗೆದು ನೋಡಿದೆ. ಹನ್ನೊಂದು ಸಲ. ಎರಡು ಸಲ ಮೊಮ್ಮಗಳನ್ನು ಕೂರಿಸಿಕೊಂಡು ಹೋಗಿದ್ದರು. ಅದು ನನಗೆ ಗೊತ್ತಿತ್ತು, ಫೋಟೋ ತೋರಿಸಿದ್ದರು. ಅದರ ಹಿಂದಿನ ಪುಟದಲ್ಲಿ ನನ್ನದೇ ಸಹಿ.

ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕಿಂಡಿ ತೆಗೆಯದೆ ಸಹಿ ಹಾಕಿದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆತ್ತಗೆ, "ರೆಕ್ಕೆ ಜೋರಾಗಿಯೇ ಬಡಿದಿತ್ತು. ಹೇಳಲು ನಾಚಿಕೆಯಾಗಿತ್ತು" ಅಂದರು. ಬಟ್ಟೆ ಪೂರ್ತಿ ಬಿಚ್ಚಿ, ಸ್ಪಾರ್ ಬದಲಿಸಿ, ಮತ್ತೆ ಬಟ್ಟೆ ಹೊಲಿದು ಬಣ್ಣ ಹಚ್ಚುವಷ್ಟರಲ್ಲಿ ಆ ಬೇಸಿಗೆ ಮುಗಿದಿತ್ತು.

ಅವರ ಆ ಮಾತು ನನ್ನ ಕೆಲಸವನ್ನೇ ಬದಲಿಸಿತು. ಮೊದಲು ನಾನು "ಏನಾಯ್ತು?" ಅಂತ ಕೇಳುತ್ತಿದ್ದೆ. ಆ ಪ್ರಶ್ನೆಗೆ ಜನ ಕಥೆ ಹೇಳುತ್ತಾರೆ, ಕಥೆಯಲ್ಲಿ ಎಲ್ಲವೂ ಸಣ್ಣದಾಗಿಬಿಡುತ್ತದೆ. ಈಗ ಕೇಳುವುದು ಬೇರೆ. ರೆಕ್ಕೆ ನೆಲಕ್ಕೆ ತಾಗಿತ್ತಾ? ಯಾವ ಕಡೆ? ಸದ್ದು ಕೇಳಿಸಿತಾ? ಪ್ರೊಪೆಲ್ಲರ್ ಏನಕ್ಕಾದರೂ ಹೊಡೆಯಿತಾ? ತಪ್ಪು ಯಾರದು ಅನ್ನುವ ವಾಸನೆ ಆ ಪ್ರಶ್ನೆಗಳಲ್ಲಿ ಇರಬಾರದು. ಬೈಸಿಕೊಳ್ಳುವ ಭಯ ಇದ್ದರೆ ಯಾರು ತಾನೇ ನಿಜ ಹೇಳುತ್ತಾರೆ, ಅಲ್ವಾ? ಅವರ ಉತ್ತರ ಏನೇ ಇರಲಿ, ಕಿಂಡಿಗಳನ್ನಂತೂ ತೆಗೆದೇ ತೆಗೆಯುತ್ತೇನೆ.

ಹೊರಗಿನಿಂದ ಕಾಣದ ಈ ಕಾಯಿಲೆ ರೆಕ್ಕೆಗೆ ಮಾತ್ರ ಇರುವುದಲ್ಲ. 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ನಟ ಹ್ಯಾರಿಸನ್ ಫೋರ್ಡ್ ಹಾರಿಸುತ್ತಿದ್ದ 1942ರ ರಯಾನ್ ವಿಮಾನದ ಎಂಜಿನ್ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಶಕ್ತಿ ಕಳೆದುಕೊಂಡಿತು. ವಿಮಾನ ಗಾಲ್ಫ್ ಮೈದಾನದಲ್ಲಿ ಬಿತ್ತು. ಅದೂ ಟೈಲ್‌ವೀಲ್ ವಿಮಾನವೇ. ಚೆನ್ನಾಗಿ ರಿಪೇರಿ ಮಾಡಿ ಹೊಳೆಯುವಂತೆ ಇಟ್ಟಿದ್ದದ್ದು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಗೆ ಸಿಕ್ಕಿದ್ದು ಕಾರ್ಬ್ಯುರೇಟರ್ ಒಳಗೆ ತಿರುಪು ಬಿಟ್ಟು ಸಡಿಲಾಗಿದ್ದ ಮುಖ್ಯ ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ. ಅದರಿಂದ ಪೆಟ್ರೋಲ್ ಅತಿಯಾಗಿ ಹರಿದಿತ್ತು. ಆ ಜೆಟ್ ಅನ್ನು ಆಗಾಗ ನೋಡಬೇಕು ಅಂತ ಎಂಜಿನ್‌ನ ಹಳೆಯ ಕೈಪಿಡಿ ಹೇಳಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ವರದಿಯ ಇನ್ನೊಂದು ಮಾತು. ಭುಜದ ಬೆಲ್ಟ್ ಇತ್ತು. ಆದರೆ ಅದನ್ನು ಸೀಟಿನ ಬೆನ್ನಿನ ತೆಳು ಅಲ್ಯೂಮಿನಿಯಂ ತಗಡಿಗೆ ಬಿಗಿದಿದ್ದರು. ಹಿಂದೆ ಗಟ್ಟಿ ಆಸರೆ ಇರಲಿಲ್ಲ. ಬಿದ್ದ ಪೆಟ್ಟಿಗೆ ಬೆಲ್ಟ್ ಆ ತಗಡನ್ನು ಹರಿದುಕೊಂಡು ಬಂತು. ಗಾಯ ಜಾಸ್ತಿಯಾಗಲು ಅದೂ ಕಾರಣ. ಅಮೆರಿಕದಲ್ಲಿ ಸಣ್ಣ ವಿಮಾನದ ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯವಾಗಿದ್ದು 1978ರ ಜುಲೈ 18ರ ನಂತರ ತಯಾರಾದ ವಿಮಾನಗಳಿಗೆ. ನನ್ನ ಕೈಗೆ ಬರುವ 1946ರ ವಿಮಾನಕ್ಕೆ ಕಾನೂನಿನ ಪ್ರಕಾರ ಸೊಂಟದ ಬೆಲ್ಟ್ ಸಾಕು. ನನ್ನ ಪ್ರಕಾರ ಸಾಲದು. ಬೆಲ್ಟ್ ಹಾಕಿಸಿಕೊಳ್ಳಿ ಅಂತ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹಾಕುವಾಗ ಅದನ್ನು ಯಾವ ಪೈಪಿಗೆ ಕಟ್ಟುತ್ತೇವೆ ಅನ್ನುವುದನ್ನು ಅವರನ್ನೇ ಕರೆದು ತೋರಿಸುತ್ತೇನೆ.

ಕಾರ್ಬ್ಯುರೇಟರ್ ಒಳಗೆ ಕಟ್ಟುವ ಮಂಜುಗಡ್ಡೆಯೂ ಹೀಗೇ ಕಣ್ಣಿಗೆ ಬೀಳದ್ದು. ಹೊರಗೆ 20 ಡಿಗ್ರಿ ಇದ್ದರೂ, ಗಾಳಿಯಲ್ಲಿ ತೇವ ಇದ್ದರೆ ಒಳಗೆ ಮಂಜು ಕಟ್ಟುತ್ತದೆ. ಎಂಜಿನ್ ಸೊರಗಿ ನಿಲ್ಲುತ್ತದೆ. ವಿಮಾನ ಹೊಲದಲ್ಲಿ ಇಳಿದು, ನಾವು ಹೋಗಿ ನೋಡುವಷ್ಟರಲ್ಲಿ ಕರಗಿ ಹೋಗಿರುತ್ತದೆ. ಎಂಜಿನ್ ಮತ್ತೆ ಚೆನ್ನಾಗಿ ಓಡುತ್ತದೆ. "ಏನೂ ತೊಂದರೆ ಇಲ್ಲ" ಅಂತ ಬರೆದು ಕಳಿಸುವ ಮೊದಲು ಆ ದಿನದ ತೇವಾಂಶ ಎಷ್ಟಿತ್ತು ಅಂತ ಈಗ ನೋಡುತ್ತೇನೆ. ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕೇಬಲ್ ಪೂರ್ತಿ ಎಳೆಯುತ್ತದಾ ಅಂತಲೂ ಪರೀಕ್ಷಿಸುತ್ತೇನೆ. ಹಳೆಯ ಕೇಬಲ್‌ಗಳು ಅರ್ಧಕ್ಕೇ ನಿಂತಿರುವುದುಂಟು.

ಮೊನ್ನೆ ಒಂದು ಸೆಸ್ನಾ 140 ಬಂದಿದೆ. ಹುಡುಗ ಹೊಸಬ, ವಿಮಾನ ಕೊಂಡು ಎರಡು ತಿಂಗಳಾಗಿದೆ. ಕೇಳಿದ್ದಕ್ಕೆ, "ಹೌದು, ತಿರುಗಿತು. ಎಡ ಚಕ್ರದ ಕಡೆ ಟಕ್ ಅಂತ ಸದ್ದು ಬಂತು" ಅಂತ ನೇರವಾಗಿ ಹೇಳಿದ. ಹಾಗೆ ಹೇಳಿದ್ದಕ್ಕೆ ಅವನಿಗೆ ಥ್ಯಾಂಕ್ಸ್ ಹೇಳಿದೆ. ಆ ವಿಮಾನದ ಚಕ್ರದ ಕಾಲು ಸೀಟಿನ ಕೆಳಗಿನ ಪೆಟ್ಟಿಗೆಯಂಥ ಚೌಕಟ್ಟಿಗೆ ಬಿಗಿದಿರುತ್ತದೆ. ಪಕ್ಕದ ಏಟಿಗೆ ಅಲ್ಲಿನ ರಿವೆಟ್‌ಗಳು ಸಡಿಲಾಗುತ್ತವೆ. ಸಡಿಲಾದ ರಿವೆಟ್ ಸುತ್ತ ಕಾಡಿಗೆಯಂಥ ಕಪ್ಪು ಪುಡಿ ಕಾಣಿಸುತ್ತದೆ. ಸೀಟು ಬಿಚ್ಚಿಟ್ಟಿದ್ದೇನೆ. ನಾಳೆ ಬೆಳಗ್ಗೆ ನೆಲದ ತಗಡು ತೆಗೆಯಬೇಕು. ಅವನಿಗೂ ಬಾ ಅಂದಿದ್ದೇನೆ, ಟಾರ್ಚ್ ಅವನೇ ಹಿಡಿಯಲಿ.