ಚೆಂಡೆಗೆ ಪೆಟ್ಟು ಬಿತ್ತು, ಆಂಪ್ ಮಲಗಿತು

ಡೊಂಬಿವಿಲಿಯ ಒಂದು ಸಭಾಗೃಹ, ಊರಿಂದ ಬಂದ ಮೇಳದ ಯಕ್ಷಗಾನ. ಶೆಟ್ರ ಸೌಂಡ್ ಅಂಗಡಿಯಲ್ಲಿ ನನಗದು ಎರಡನೇ ವರ್ಷ. ಆಂಪಿನ (ಆಂಪ್ಲಿಫೈಯರಿನ) ಒಂದು ಚಾನೆಲ್ ಸ್ಟೇಜಿನ ಮಾನಿಟರಿಗೆ ಬಿಟ್ಟು, ಇನ್ನೊಂದಕ್ಕೇ ನಾಲ್ಕು ಸ್ಪೀಕರ್ ಬಾಕ್ಸ್ ಪ್ಯಾರಲಲ್ ಆಗಿ ಸಿಕ್ಕಿಸಿದ್ದೆ. ಮೈಕ್ ಟೆಸ್ಟಿಂಗ್ ಸರಿಯಿತ್ತು, ಗಣಪತಿ ಸ್ತುತಿಯೂ ಸಲೀಸಾಗಿ ಮುಗಿಯಿತು. ಚೆಂಡೆಗೆ ಮೊದಲ ಗಟ್ಟಿ ಪೆಟ್ಟು ಬಿದ್ದದ್ದೇ ತಡ, ಆಂಪ್ ತನ್ನನ್ನು ಉಳಿಸಿಕೊಳ್ಳಲು ದನಿ ಕಡಿದಾಗ ಹತ್ತುವ ಪ್ರೊಟೆಕ್ಟ್ ದೀಪ ಹತ್ತಿತು. ಬಾಕ್ಸೆಲ್ಲ ಮೂಕ.

"ಎಂಥದು ಮಾರಾಯಾ, ನಿನ್ನ ಪೆಟ್ಟಿಗೆಗೆ ಚೆಂಡೆ ಕಂಡ್ರೆ ಹೆದರಿಕೆಯಾ?" ಎಂದರು ಭಾಗವತರು.

ಹಿಂದಿನ ಎರಡು ಬಾಕ್ಸ್ ಕಿತ್ತು ಆಟ ಮುಗಿಸಿದೆ. ಮರುದಿನ ಆಂಪ್ ಹೊತ್ತು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೆ, ರಿಪೇರಿಯವರು, ಹುಬ್ಬಳ್ಳಿ ಕಡೆಯ ಹಿರಿಯರು, ಮುಚ್ಚಳ ಕೂಡ ತೆಗೆಯಲಿಲ್ಲ. "ತಮ್ಮಾ, ವ್ಯಾಟ್ ಓದೀದಿ, ಕರೆಂಟ್ ನೋಡಿಲ್ಲ" ಅಂದವರೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದರು.

ಓಮ್ ಅಂದರೆ ಬಾಕ್ಸ್ ಕರೆಂಟಿಗೆ ಒಡ್ಡುವ ತಡೆ. 8 ಓಮಿನ ಬಾಕ್ಸಿಗೆ 200 ವ್ಯಾಟ್ ಕೊಡಲು 40 ವೋಲ್ಟ್, 5 ಆಂಪಿಯರ್ ಬೇಕು. ಅಂಥದ್ದೇ ಎರಡು ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್. ಅದೇ 40 ವೋಲ್ಟಿಗೆ 10 ಆಂಪಿಯರ್ ಎಳೆಯುತ್ತದೆ. ನಾಲ್ಕಾದರೆ 2 ಓಮ್, 20 ಆಂಪಿಯರ್. ನನ್ನ ಆಂಪಿನ ಹಿಂದೆ 'ಕನಿಷ್ಠ 4 ಓಮ್' ಎಂದು ಅಚ್ಚಾಗಿತ್ತು. ಮಾತಿಗೆ ಇಷ್ಟೆಲ್ಲ ಕರೆಂಟ್ ಬೇಡ. ಚೆಂಡೆಯ ಒಂದೊಂದು ಪೆಟ್ಟೂ ಆ ಕ್ಷಣಕ್ಕೆ ಅಷ್ಟನ್ನೂ ಕೇಳುತ್ತದೆ. ಟೆಸ್ಟಿಂಗಿನಲ್ಲಿ ಗೊತ್ತಾಗದೇ ಹೋದದ್ದು ಅದಕ್ಕೇ.

ಇನ್ನೊಂದು ಗುಟ್ಟೂ ಹೇಳಿದರು. 8 ಓಮಿಗೆ 200 ವ್ಯಾಟ್ ಕೊಡುವ ಆಂಪ್ 4 ಓಮಿಗೆ 400ರ ಹತ್ತಿರ ಕೊಟ್ಟರೆ ಪವರ್ ಸಪ್ಲೈ ಗಟ್ಟಿ ಅಂತ ಲೆಕ್ಕ. 260 ಅಂತಿದ್ದರೆ ಅದರ ಉಸಿರು 8 ಆಂಪಿಯರಿಗೇ ಮುಗಿಯಿತು. ಅಂದಿನಿಂದ ಡಬ್ಬದ ಮುಂದಿನ ದೊಡ್ಡ ಅಂಕಿ ನಾನು ಓದುವುದಿಲ್ಲ (ಕ್ಷಣಮಾತ್ರದ ಗರಿಷ್ಠ ವ್ಯಾಟ್ ಅಂತ ಬರೆಯುವ ಪಿಎಂಪಿಒ ಅಂತೂ ಶುದ್ಧ ಜಾತ್ರೆ), ಹಿಂದಿನ ಸಣ್ಣ ಅಕ್ಷರ ಹುಡುಕುತ್ತೇನೆ. ಎರಡೂ ಚಾನೆಲ್ ಸೇರಿಸಿ ಒಂದೇ ಭಾರ ಓಡಿಸುವ ಬ್ರಿಜ್ ಮೋಡಿಗೂ ಕೈಹಾಕುವ ಮೊದಲು ಯೋಚಿಸುತ್ತೇನೆ: 4 ಓಮಿನ ಬಾಕ್ಸ್ ಹಾಕಿದರೆ ಒಂದೊಂದು ಚಾನೆಲಿಗೂ ಅದು 2 ಓಮಿನ ಭಾರ.

ಹಾಗಂತ ಸಣ್ಣ ಆಂಪ್ ಹಾಕಿದರೆ ಬಾಕ್ಸ್ ಸುರಕ್ಷಿತ ಅನ್ನುವುದೂ ಸುಳ್ಳು. ಒಂದು ಮದುವೆಯಲ್ಲಿ ಸಣ್ಣ ಆಂಪನ್ನು ಕ್ಲಿಪ್ ದೀಪ (ಆಂಪ್ ಮಿತಿ ಮೀರಿದ್ದರ ಸೂಚನೆ) ಆರದಂತೆ ಓಡಿಸಿ ಎರಡು ಹಾರ್ನಿನ, ಅಂದರೆ ಕೀಚಲು ದನಿಯ ಸ್ಪೀಕರಿನ, ಡಯಾಫ್ರಾಮ್ ಸುಟ್ಟಿದ್ದೇನೆ. ಅಲೆಯ ತಲೆ ಚಪ್ಪಟೆಯಾದಾಗ ಮೇಲಿನ ಫ್ರೀಕ್ವೆನ್ಸಿಗಳು ಹೆಚ್ಚಿ ನೇರ ಹಾರ್ನಿಗೆ ನುಗ್ಗುತ್ತವೆ. ಆ ದುಡ್ಡು ನನ್ನ ಪಗಾರದಲ್ಲೇ ಕಟ್ ಆಯಿತು.

ಈಗ ಪ್ರತಿ ಬಾಕ್ಸಿನ ಹಿಂದೆ ಟೇಪ್ ಹಚ್ಚಿ ಓಮ್ ಬರೆದಿಟ್ಟಿದ್ದೇನೆ. ಮೀಟರ್ ಹಿಡಿದು 6ರ ಆಸುಪಾಸು ಕಂಡ ಹೊಸ ಹುಡುಗ "ಅಣ್ಣಾ, ಇದು ಎಂಟಲ್ಲ" ಅಂದ. ಎಂಟೇ ಕಣೋ, ಮೀಟರ್ ತೋರಿಸುವುದು ಕಾಯಿಲಿನ ಡಿಸಿ ರೆಸಿಸ್ಟೆನ್ಸ್, ಎಂಟು ಅನ್ನುವುದು ದನಿಯ ಏಸಿ ಸಿಗ್ನಲಿಗೆ ಒಡ್ಡುವ ತಡೆ ಅಂದೆ. ಶೆಟ್ರ ತಕರಾರು ಬೇರೆ: ನಾನು ಆರಿಸಿದ ಆಂಪಿನ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಮೂರನೇ ಮಾಳಿಗೆಗೆ ಹೊರಲು ಇಬ್ಬರು ಬೇಕಂತೆ.